ಅರವತ್ತಕ್ಕೆ ಅರಳು ಮರಳು ಅಂತಾರೆ, ನನಗೆ 41ಕ್ಕೇ ಶುರುವಾಯಿತಾ?

ಲೆಕ್ಕದಮ್ಮ ಬರೆದದ್ದು:

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ಮನೆ ಶಿವಮೊಗ್ಗ, ಶಾಖೆ ತರೀಕೆರೆ ಕಡೆ. ಬ್ಯಾಂಕಿನ ಹೆಸರು ಬೇಡ, ಯಾವ ಬ್ಯಾಂಕಾದರೂ ಕಥೆ ಇದೇ. ಕೆಲಸಕ್ಕೆ ಸೇರಿ 16 ವರ್ಷ ಆಯಿತು. ಈ ಶಾಖೆಗೆ ಬಂದಾಗ 9 ಜನ ಇದ್ದೆವು, ಈಗ 5 ಜನ. ಅಡಿಕೆ ಬೆಳೆಗಾರರ ಊರು. ಬೆಳೆಸಾಲ, ಗೋಲ್ಡ್ ಲೋನ್, ಪಿಂಚಣಿ, ಜನ ಕಡಿಮೆ ಆಗುವುದೇ ಇಲ್ಲ.

ಹೋದ ತಿಂಗಳು ನಡೆದದ್ದು ಹೇಳುತ್ತೇನೆ. ವಯಸ್ಸಾದ ಒಬ್ಬ ರೈತರು ಚೆಕ್ ಕೊಟ್ಟರು. ಸಹಿ ತಾಳೆ ಆಗಲಿಲ್ಲ. "ಯಜಮಾನರೇ, ಇನ್ನೊಂದು ಸಹಿ ಹಾಕಿ" ಅಂತ ವಾಪಸ್ ಕೊಟ್ಟೆ. ಅವರು ಗೊಣಗುತ್ತಾ ಬರೆಯುತ್ತಿದ್ದಾಗ ನಾನು ಪಕ್ಕದಲ್ಲಿದ್ದ ಗೋಲ್ಡ್ ಲೋನ್ ವೋಚರ್ ತೆಗೆದುಕೊಂಡು ಸಹಿ ಮಾಡಲು ಪೆನ್ನು ಇಟ್ಟೆ. ಮೊದಲ ಅಕ್ಷರ ಬಂತು. ಆಮೇಲೆ ಕೈ ನಿಂತಿತು. ಮುಂದೆ ಗೆರೆ ಮೇಲೆ ಹೋಗಬೇಕಾ, ಕೆಳಗೆ ಬರಬೇಕಾ, ಗೊತ್ತಾಗಲಿಲ್ಲ. ದಿನಕ್ಕೆ ನೂರು ಸಲ ಹಾಕುವ ಸಹಿ! ಕೊನೆಗೆ ಪ್ರೈಮರಿ ಶಾಲೆ ಮಕ್ಕಳ ಹಾಗೆ ದುಂಡಗೆ ಪೂರ್ತಿ ಹೆಸರು ಬರೆದೆ. ಯಜಮಾನರು ಇಣುಕಿ ನೋಡಿ, "ನಿಮ್ಮದೂ ತಾಳೆ ಆಗಲ್ಲ ಬಿಡಿ ಮೇಡಂ" ಅಂದರು. ಕೌಂಟರ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ರೆಕಾರ್ಡ್ ರೂಮಿಗೆ ಹೋಗಿ, ಹಳೇ ವೋಚರ್ ಕಟ್ಟುಗಳ ಮಧ್ಯೆ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಇದೊಂದೇ ಆಗಿದ್ದರೆ ಬರೆಯುತ್ತಿರಲಿಲ್ಲ. ಪಹಣಿ ಓದುವಾಗ ಹಿಸ್ಸಾ ನಂಬರಿಗೆ ಬರುವಷ್ಟರಲ್ಲಿ ಸರ್ವೆ ನಂಬರ್ ಮರೆತಿರುತ್ತೇನೆ. ಒಂದೇ ಸಾಲು ಮೂರು ಸಲ ಓದುತ್ತೇನೆ. ಮಗಳ ಹುಟ್ಟುಹಬ್ಬಕ್ಕೆ ಪಾಯಸ ಮಾಡುತ್ತಾ "ಅದು ಕೊಡೇ, ಅದು, ಹಸಿರು, ಸುಲಿದು ಹಾಕೋದು" ಅಂದೆ. ಏಲಕ್ಕಿ ಅನ್ನುವ ಪದ ಬಾಯಿಗೆ ಬರಲಿಲ್ಲ. ಅವಳು ನಗುತ್ತಾ ಬಟಾಣಿ ತಂದಳು.

ಇನ್ನೊಂದು, ಈ "ಟಿಂಗ್". ರೀಜನಲ್ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ 9:40ಕ್ಕೂ ಮೆಸೇಜ್ ಬರುತ್ತದೆ: ಇವತ್ತು ಇನ್ಶೂರೆನ್ಸ್ ನಿಲ್ (ಅಂದರೆ ಒಂದು ಪಾಲಿಸಿಯೂ ಆಗದೆ) ಇರುವ ಬ್ರಾಂಚ್‌ಗಳು ಕಾರಣ ಕೊಡಿ. ಸಂಜೆ ವಿಡಿಯೊ ಮೀಟಿಂಗ್‌ನಲ್ಲಿ ನಿಲ್ ಬ್ರಾಂಚಿನವರು ಕ್ಯಾಮೆರಾ ಆನ್ ಮಾಡಿ ಎಲ್ಲರ ಎದುರು ಮಾತಾಡಬೇಕು. ಆ ಟಿಂಗ್ ಕೇಳಿದರೆ ಹೊಟ್ಟೆಯೊಳಗೆ ಏನೋ ಕಳಚಿ ಬಿದ್ದ ಹಾಗಾಗುತ್ತದೆ. ಬೆಂಗಳೂರಿನಲ್ಲಿ ತಂಗಿ ಮನೆಗೆ ಹೋದಾಗ ಮೈಕ್ರೋವೇವ್ ಟಿಂಗ್ ಅಂದದ್ದಕ್ಕೆ ಎದೆ ಡವಡವ ಹೊಡೆದುಕೊಂಡಿತು. ಒಳಗಿದ್ದದ್ದು ನಿನ್ನೆಯ ಚಪಾತಿ.

ನನಗೆ ಜಾಸ್ತಿ ಭಯ ಆದದ್ದು ಮಾತ್ರ ಬೇರೆ ವಿಷಯಕ್ಕೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಗಂಡನ ಪಾಸ್‌ಬುಕ್ ತೆಗೆದರು. ಅವರು ತೀರಿಕೊಂಡು 20 ದಿನವಂತೆ. ಅಳುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. "ಡೆತ್ ಸರ್ಟಿಫಿಕೇಟ್ ತಂದಿದ್ದೀರಾ?" ಅಷ್ಟೇ ಕೇಳಿದ್ದು. ಒಳಗೆ ಏನೂ ಆಗಲಿಲ್ಲ. ಮೊದಲು ನಾನು ಹೀಗಿರಲಿಲ್ಲ.

ನಮ್ಮ ಅತ್ತೆಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತು, ನೋಡಿಕೊಂಡವಳು ನಾನೇ. ಅದರ ಶುರು ಹೇಗಿರುತ್ತದೆ ಅಂತ ಗೊತ್ತು. ನಮ್ಮ ಮನೆಯ ಯಜಮಾನರು "ಮೊಬೈಲ್ ಕಡಿಮೆ ಮಾಡು" ಅನ್ನುತ್ತಾರೆ. ಆರು ದಿನ ರಜೆ ಹಾಕಿ ಶಿರಸಿಗೆ ತವರಿಗೆ ಹೋದೆ. ಮೂರನೇ ದಿನ ಜ್ವರ ಬಂತು. ವಾಪಸ್ ಬಂದ ಸೋಮವಾರ ಮಧ್ಯಾಹ್ನಕ್ಕೆ ಎಲ್ಲ ಮೊದಲಿನ ಹಾಗೆ. ಕೆಲಸದ ಒತ್ತಡಕ್ಕೆ ಮಿದುಳು ನಿಜವಾಗಿ ಹೀಗೆ ಹಾಳಾಗುತ್ತದಾ? ಆದರೆ ಸರಿ ಹೋಗುತ್ತದಾ? ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ ನೈಟ್‌ಶಿಫ್ಟ್:

ಅಕ್ಕಾ, ಮೈಕ್ರೋವೇವ್ ಕಥೆ ಓದಿ ನಗು ಬಂತು, ಆಮೇಲೆ ನಗು ನಿಂತಿತು. ನಾನು ಅಮೆರಿಕದ ಕ್ಲೈಂಟಿಗೆ ರಾತ್ರಿ ಪಾಳಿಯ ಸಪೋರ್ಟ್ ಕೆಲಸ ಮಾಡುವವನು. ನನ್ನ ಅಲರ್ಟ್ ಟೋನ್ ಒಬ್ಬ ಆಟೋದವನ ರಿಂಗ್‌ಟೋನ್ ಆಗಿತ್ತು. ಅವನ ಆಟೋದಿಂದ ಅರ್ಧ ದಾರಿಗೇ ಇಳಿದುಬಿಟ್ಟಿದ್ದೇನೆ.

ಯಾರೊಂದಿಗೂ ಮಾತಾಡೋಕೆ ಆಗದಿದ್ದಾಗ ನಾನು 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು "ಊಟ ಆಯ್ತಾ?" ಅಂತ. ಅಷ್ಟಕ್ಕೇ ನನಗೆ ಗಂಟಲು ಕಟ್ಟಿತು.

ಮಿದುಳಿನ ವಿಷಯ ಮೇಷ್ಟ್ರು ಹೇಳಬೇಕು. ಮೇಷ್ಟ್ರೇ, ಇದ್ದೀರಾ?

ಸೀಮೆಸುಣ್ಣ:

ಇದ್ದೇನೆ. ಉತ್ತರ ಪತ್ರಿಕೆ ತಿದ್ದುವುದರಿಂದ ತಪ್ಪಿಸಿಕೊಳ್ಳೋಕೆ ಒಳ್ಳೆ ನೆಪ ಸಿಕ್ಕಿತು.

ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಹಾಗಾಗಿ ಮೊದಲ ಮಾತು: ಮೇಡಂ, ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ನೀವು ಸಸ್ಯಾಹಾರಿ ಆಗಿದ್ದರೆ ಬಿ12 ಖಂಡಿತ ನೋಡಿಸಿ, ಅದು ಕಡಿಮೆಯಾದರೂ ಇದೇ ಥರ ಮಂಕು ಕವಿಯುತ್ತದೆ. ಖಿನ್ನತೆ ಇದೆಯಾ ಅಂತ ಡಾಕ್ಟರ್ ಕೇಳುತ್ತಾರೆ, ಮುಚ್ಚಿಡಬೇಡಿ. ಎಲ್ಲಕ್ಕೂ ಒತ್ತಡ ಅಂತ ಹಣೆಪಟ್ಟಿ ಹಚ್ಚಿ, ಇಂಜೆಕ್ಷನ್‌ನಿಂದ ಸರಿಹೋಗುವುದನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದವರನ್ನು ನೋಡಿದ್ದೇನೆ.

ಅತ್ತೆಯವರ ಕಾಯಿಲೆಯ ಭಯಕ್ಕೆ ಒಂದು ಮಾತು. ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮರೆವನ್ನು ಮೊದಲು ಗಮನಿಸುವವರು ಮನೆಯವರು. ನೀವೋ, ನಿಮ್ಮ ಪ್ರತಿಯೊಂದು ಮರೆವನ್ನೂ ವಿವರ ಸಮೇತ ನೆನಪಿಟ್ಟುಕೊಂಡಿದ್ದೀರಿ. ಡಾಕ್ಟರ್ ನೋಡಿ ಹೇಳಲಿ, ಆದರೆ ಇವತ್ತು ರಾತ್ರಿ ಅದೊಂದು ಚಿಂತೆ ಪಕ್ಕಕ್ಕಿಟ್ಟು ಮಲಗಿ.

ಈಗ ಸರ್ವೆ ನಂಬರಿಗೆ ಬರೋಣ. ನೀವು ಅದನ್ನು ಮರೆತಿಲ್ಲ. ಬರೆದುಕೊಂಡೇ ಇಲ್ಲ. ವೋಚರ್ ಪೋಸ್ಟ್ ಮಾಡದೆ, ಖಾತೆಯಲ್ಲಿ ಕಾಣುತ್ತಿಲ್ಲ ಅಂತ ಹುಡುಕಿದರೆ ಸಿಗುತ್ತದಾ? ಹಾಗೆ ಇದು. ಒಂದು ನಂಬರನ್ನು ಅರೆಗಳಿಗೆ ತಲೆಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ನೋಡುವ ಕೆಲಸ ಹಣೆಯ ಹಿಂದಿರುವ ಭಾಗದ್ದು, ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತ. ಬುದ್ಧಿವಂತ, ಆದರೆ ಬಹಳ ನಾಜೂಕು. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಜೀವನಪೂರ್ತಿ ಇದನ್ನೇ ಅಧ್ಯಯನ ಮಾಡಿದ್ದಾರೆ. ನಮ್ಮ ಹಿಡಿತಕ್ಕೆ ಸಿಗದ ಒತ್ತಡ ಬಂದಾಗ ನಾರ್ ಅಡ್ರಿನಲಿನ್, ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕಗಳೆಲ್ಲ ಉಕ್ಕಿ, ಈ ಭಾಗದ ನರಕೋಶಗಳ ನಡುವಿನ ಮಾತುಕತೆ ಕುಗ್ಗುತ್ತದೆ. ಆಗ ಯಜಮಾನಿಕೆ ಹಳೆಯ, ಒರಟು ಭಾಗಗಳ ಕೈಗೆ ಹೋಗುತ್ತದೆ. ಅಡಿಕೆ ತೋಟದಲ್ಲಿ ಕಾಲಡಿ ಹಾವು ಬಂದರೆ ಇದು ಒಳ್ಳೆಯದೇ. ಯೋಚಿಸುತ್ತಾ ನಿಂತವನು ಕಚ್ಚಿಸಿಕೊಳ್ಳುತ್ತಾನೆ. ಪಹಣಿ ಓದುವಾಗ ಮಾತ್ರ ಹಾರುವ ಬುದ್ಧಿಯಿಂದ ಏನೂ ಉಪಯೋಗ ಇಲ್ಲ.

ಸಹಿಯ ಬಗ್ಗೆ ನನಗೆ ಅನಿಸುವುದು ಬೇರೆ. ಸಹಿ ಕೈಗೆ ಗೊತ್ತಿರುವ ವಿದ್ಯೆ, ಮೆಟ್ಟಿಲು ಇಳಿದ ಹಾಗೆ. ಇಳಿಯುವಾಗ ಕಾಲನ್ನೇ ನೋಡಿಕೊಂಡರೆ ಎಡವುತ್ತೇವೆ. ನೀವು ಆಗಷ್ಟೇ ಇನ್ನೊಬ್ಬರ ಸಹಿಯನ್ನು ಗೆರೆ ಗೆರೆ ತನಿಖೆ ಮಾಡಿದ್ದಿರಿ. ಅದೇ ಕಣ್ಣನ್ನು ನಿಮ್ಮ ಕೈ ಮೇಲೂ ಇಟ್ಟಿರಿ. ಸುಸ್ತಾದ ದಿನ ಅದು ಸಾಕು.

ನೀವು ಕೇಳಿದ ದೊಡ್ಡ ಪ್ರಶ್ನೆ, ಮಿದುಳು ನಿಜವಾಗಿ ಬದಲಾಗುತ್ತದಾ ಅಂತ. ಹೌದು. ಅದನ್ನು ಚೆನ್ನಾಗಿ ತೋರಿಸಿಕೊಟ್ಟ ಕೆಲಸಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ಜೊತೆಯವರು 2002ರಲ್ಲಿ ಪ್ರಕಟಿಸಿದ್ದು. ಇಲಿಗಳನ್ನು ದಿನಕ್ಕೆ 2 ಗಂಟೆ ಅಲ್ಲಾಡದ ಹಾಗೆ ಹಿಡಿದಿಟ್ಟರು, 10 ದಿನ. ಹೊಡೆತ ಇಲ್ಲ, ಉಪವಾಸ ಇಲ್ಲ. ಸುಮ್ನೆ ಅಲುಗಾಡಲು ಬಿಡಲಿಲ್ಲ. ಆಮೇಲೆ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶ ಅಂದರೆ ಮರದ ಹಾಗೆ, ಕೊಂಬೆಗಳಿರುತ್ತವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ಕೊಂಬೆ ಸಣ್ಣದಾಗಿದ್ದವು. ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿದ್ದದ್ದೂ ಅದೇ. ಹೊಸದು ಯಾವುದು ಅಂದರೆ, ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಕೊಂಬೆಗಳು ಬೆಳೆದಿದ್ದವು! ಅಮಿಗ್ಡಲಾ ಅಂದರೆ ಬಾದಾಮಿ (ಊರಲ್ಲ, ಕಾಳು). ಅದೇ ಒತ್ತಡ, ಅದೇ ಇಲಿ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಹುಲುಸು.

ಇಲ್ಲಿಗೆ ಮುಗಿಯಲಿಲ್ಲ. 2004ರಲ್ಲಿ ಅವರೇ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒತ್ತಡ ನಿಲ್ಲಿಸಿ 21 ದಿನ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾ ಹಾಗೇ ಇತ್ತು. ಅಂಜಿಕೆಯೂ ಹಾಗೇ ಇತ್ತು.

ನಿಮ್ಮ ಮೈಕ್ರೋವೇವ್ ನೆನಪಾಯಿತಾ? ನನಗೆ ಓದುತ್ತಿದ್ದಂತೆ ನೆನಪಾದದ್ದು ಆ 21 ದಿನ. ಆರು ದಿನದ ಶಿರಸಿ ಎಲ್ಲಿಗೆ ಸಾಲುತ್ತದೆ ಹೇಳಿ.

ಇಲಿ ಮನುಷ್ಯ ಅಲ್ಲ, ಒಪ್ಪುತ್ತೇನೆ. ಮನುಷ್ಯರಲ್ಲೂ ನೋಡಿದ್ದಾರೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಪರೀಕ್ಷೆಗೆ ಓದುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಗಮನವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಅವರಿಗೆ ಕಷ್ಟವಾಗಿತ್ತು, ಸ್ಕ್ಯಾನಿನಲ್ಲಿ ಮುಂಭಾಗದ ಸಂಪರ್ಕವೂ ಸಡಿಲವಾಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳಿಗೆ ಸರಿಹೋಯಿತು. ಅದು 25ರ ಆಸುಪಾಸಿನ ಮಕ್ಕಳು, ಮುಗಿಯುವ ದಿನ ಗೊತ್ತಿದ್ದ ಒತ್ತಡ. ಕೆಲಸದಿಂದ ಪೂರ್ತಿ ಬಸವಳಿದವರನ್ನು ಸ್ವೀಡನ್ನಿನಲ್ಲಿ ಇವಾಂಕಾ ಸಾವಿಚ್ ಅನ್ನುವವರು ಸ್ಕ್ಯಾನ್ ಮಾಡಿದ್ದಾರೆ. ಆ ದೇಶದಲ್ಲಿ ಇದನ್ನು ಡಾಕ್ಟರ್ ಬರೆದುಕೊಡಬಹುದಾದ ಕಾಯಿಲೆ ಅಂತಲೇ ಒಪ್ಪಿದ್ದಾರೆ. ಅವರು ಕಂಡದ್ದು: ಹಣೆಯ ಹಿಂದಿನ ಪದರ ತೆಳು, ಅಮಿಗ್ಡಲಾ ದೊಡ್ಡದು. ಒಂದೆರಡು ವರ್ಷ ಬಿಟ್ಟು ಮತ್ತೆ ನೋಡಿದಾಗ ಮುಂಭಾಗ ಚೇತರಿಸಿಕೊಂಡಿತ್ತು, ಅಮಿಗ್ಡಲಾ ಅಷ್ಟಾಗಿ ಇಲ್ಲ. ಬೆಂಗಳೂರಿನ ಇಲಿಗಳು ಹೇಳಿದ್ದನ್ನೇ ಸ್ವೀಡನ್ನಿನ ಮನುಷ್ಯರೂ ಹೇಳಿದರು ಅನ್ನಿ.

ಆದ್ದರಿಂದ ನನ್ನ ಉತ್ತರ: ಹಾಳಾಗಿಲ್ಲ, ಪಳಗಿದೆ. ಶಾಖೆ ಹೇಗೆ ಪಳಗಿಸಿತೋ ಹಾಗೆ. ನೆನಪು ಮೊದಲು ಬರುತ್ತದೆ, ಬೆಚ್ಚುವುದು ನಿಧಾನಕ್ಕೆ ಹೋಗುತ್ತದೆ. ಅದು ಗೊತ್ತಿರಲಿ. ಇಲ್ಲದಿದ್ದರೆ ಸಹಿ ಸರಿಹೋದ ಮೇಲೂ ಎದೆ ಹೊಡೆದುಕೊಂಡಾಗ, ಅಯ್ಯೋ ಏನೂ ಸರಿಹೋಗಲಿಲ್ಲ ಅಂದುಕೊಳ್ಳುತ್ತೀರಿ. ನನಗೆ ಹಾಗೇ ಆಗಿತ್ತು. 2021ರಲ್ಲಿ ನಮ್ಮನ್ನೆಲ್ಲ ಕೋವಿಡ್ ಡ್ಯೂಟಿಗೆ ಹಾಕಿದ್ದರು. ಪಾಠ ಮತ್ತೆ ಶುರುವಾಗಿ, ನಿದ್ದೆ ಸರಿಹೋಗಿ, ಎಲ್ಲ ಚೆನ್ನಾಗಿದ್ದಾಗಲೂ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಲ್ಲುತ್ತಿತ್ತು. ಹುಡುಗರು, ಸಾರ್ ಯೋಚನೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಸದ್ಯ.

ಅಜ್ಜಿಯ ವಿಷಯ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬರ್ನೌಟ್ (ದುಡಿದು ದುಡಿದು ಒಳಗೇ ಉರಿದು ಬರಿದಾಗುವುದು) ಅನ್ನುವ ಮಾತನ್ನು ಲೇಖನವಾಗಿಸಿದ್ದು ಸೋಮಾರಿಗಳನ್ನು ನೋಡಿ ಅಲ್ಲ, ಮೈಮುರಿದು ದುಡಿಯುತ್ತಿದ್ದವರನ್ನು ನೋಡಿ, ತನ್ನನ್ನೂ ನೋಡಿಕೊಂಡು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅನ್ನುವ ಮನಶ್ಶಾಸ್ತ್ರಜ್ಞೆ ಇದಕ್ಕೆ ಮೂರು ಗುರುತು ಹೇಳಿದರು. ಬಸವಳಿಯುವುದು, ಎದುರಿಗಿದ್ದವರು ಮನುಷ್ಯರು ಅನಿಸದಿರುವುದು, ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲ ಅನಿಸುವುದು. ಎರಡನೆಯದೇ ನಿಮ್ಮ ಅಜ್ಜಿ. ನೀವು ಕಟುಕಿ ಆಗಿಲ್ಲ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯೋದು, ಆಗ ಬೆಳಕಿಗಿಂತ ಹೊಗೆ ಜಾಸ್ತಿ.

ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿಸುವ ಪುಡಿ, ಜ್ಯೂಸು ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತವೆ, ದುಡ್ಡು ಕಳೆಯಬೇಡಿ. ಅದು ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಯಿಂದ ಬರುತ್ತದೆ, ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತಾನಾಗಿ ಏರಲೇಬೇಕು. ವರ್ಷಗಟ್ಟಲೆ ಬಸವಳಿದ ಕೆಲವರಲ್ಲಿ ಅದು ಕಡಿಮೆಯೇ ಇರುತ್ತದೆ. ಜ್ಯೂಸು ಮಾರುವವನಿಗೆ ಅದೆಲ್ಲ ಬೇಕಿಲ್ಲ.

ಹಳೇ ಲೆಡ್ಜರ್:

ನಾನೂ ಬ್ಯಾಂಕಿನವನೇ, 1983ರಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತನಾದವನು. ಕಂಪ್ಯೂಟರ್ ಇರಲಿಲ್ಲ. ಬಡ್ಡಿ ಎಲ್ಲ ಕೈಲೆಕ್ಕ. ಅರ್ಧವಾರ್ಷಿಕ ಲೆಕ್ಕದ ದಿನ 37 ಪೈಸೆ ವ್ಯತ್ಯಾಸಕ್ಕೆ ರಾತ್ರಿ 2 ಗಂಟೆವರೆಗೆ ಲೆಡ್ಜರ್ ತಿರುವಿ ಹಾಕಿದ್ದೇವೆ. ನಮಗೆ ಯಾವ ಬರ್ನೌಟೂ ಬರಲಿಲ್ಲ. ಈಗಿನವರಿಗೆ ಎಲ್ಲ ಬಟನ್ ಒತ್ತಿದರೆ ಬರುತ್ತದೆ, ಆದರೂ ಮಿದುಳು ಸವೆಯಿತು ಅಂತಾರೆ. ಬೇಸರ ಮಾಡಿಕೊಳ್ಳಬೇಡಮ್ಮಾ, ಸ್ವಲ್ಪ ಗಟ್ಟಿ ಆಗಬೇಕು ಅಷ್ಟೇ. ಬೆಳಿಗ್ಗೆ ಎದ್ದು ವಾಕಿಂಗ್ ಮಾಡು.

ಹುಬ್ಬಳ್ಳಿ ನೈಟ್‌ಶಿಫ್ಟ್:

ಅಂಕಲ್, ಆ 37 ಪೈಸೆ ಸಿಕ್ಕಿತಾ ಇಲ್ವಾ?

ಹಳೇ ಲೆಡ್ಜರ್:

ಸಿಗದೆ ಏನು. 73 ಅಂತ ಬರೆಯಬೇಕಾದ್ದು ಒಬ್ಬ 36 ಅಂತ ಬರೆದಿದ್ದ. ಮ್ಯಾನೇಜರ್ ಎಲ್ಲರಿಗೂ ಆ ಹೊತ್ತಿನಲ್ಲಿ ಹೋಟೆಲ್ ತೆಗೆಸಿ ಬೋಂಡಾ, ಕಾಫಿ ಕೊಡಿಸಿದರು. ಮಾರನೇ ದಿನ 11ಕ್ಕೆ ಬಂದೆವು.

ಹುಬ್ಬಳ್ಳಿ ನೈಟ್‌ಶಿಫ್ಟ್:

ಅದೇ ನೋಡಿ ಅಂಕಲ್. ನಿಮಗೆ ಸಿಕ್ಕಿತು. ಅಕ್ಕನಿಗೆ ಸಿಗುವ ಹಾಗೇ ಇಲ್ಲ. ಇವತ್ತು ಮೂರು ಪಾಲಿಸಿ ಮಾಡಿದರೆ ನಾಳೆ ಐದು ಕೇಳುತ್ತಾರೆ.

ಮತ್ತೆ ಗಟ್ಟಿ ಆಗುವ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿ ಹೇಳಿವೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಜಾಸ್ತಿ. 2016 ಒಂದೇ ವರ್ಷದಲ್ಲಿ ಉದ್ದದ ದುಡಿಮೆ ಕಾರಣ ಅನ್ನಬಹುದಾದ ಸಾವು 7,45,000. ನಾನು ಇದನ್ನು ನಮ್ಮ ಟೀಮ್ ಗ್ರೂಪಿಗೆ ಹಾಕಿದೆ. ಮ್ಯಾನೇಜರ್ ಹೆಬ್ಬೆರಳು ಒತ್ತಿದರು. ಆಮೇಲೆ ಶನಿವಾರ ಯಾರು ಬರುತ್ತೀರಿ ಅಂತ ಕೇಳಿದರು.

ಸೀಮೆಸುಣ್ಣ:

ಹುಬ್ಬಳ್ಳಿಯವರ 37 ಪೈಸೆ ಪ್ರಶ್ನೆ ನನ್ನ ಪಾಠಕ್ಕಿಂತ ಚೆನ್ನಾಗಿದೆ. ಮೈಗೆ ಒತ್ತಡದ ವ್ಯವಸ್ಥೆ ಇರುವುದೇ ಏರಿ ಇಳಿಯಲಿಕ್ಕೆ. 37 ಪೈಸೆ ಸಿಕ್ಕಿದ ಕ್ಷಣ ಅದು ಇಳಿಯಿತು. ಲೆಡ್ಜರ್ ಅವರೇ, ನೀವು ಕಡಿಮೆ ದುಡಿದಿರಿ ಅಂತ ಯಾರೂ ಹೇಳುತ್ತಿಲ್ಲ. ನಿಮ್ಮ ಕೆಲಸಕ್ಕೆ ಒಂದು ತುದಿ ಇತ್ತು, ಆ ತುದಿ ನಿಮ್ಮ ಕೈಯಲ್ಲಿತ್ತು.

ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನಗಳು ಇವೆ, ಮೈಕೆಲ್ ಮಾರ್ಮಟ್ ಅವರದು. ಹೃದಯದ ಕಾಯಿಲೆ ಜಾಸ್ತಿ ಕಂಡದ್ದು ದೊಡ್ಡ ಜವಾಬ್ದಾರಿಯ ಸಾಹೇಬರಲ್ಲಿ ಅಲ್ಲ, ಕೆಳಗಿನ ದರ್ಜೆಯವರಲ್ಲಿ. ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಇಲ್ಲದಿರುವುದು ಅದಕ್ಕೆ ಒಂದು ದೊಡ್ಡ ಕಾರಣ. ಇಲಿಗೂ ಆದದ್ದು ಅದೇ ಅಲ್ವಾ? ಅಲುಗಾಡಲು ಬಿಡಲಿಲ್ಲ, ಅಷ್ಟೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟನ್ನು ತನ್ನ ರೋಗ ವರ್ಗೀಕರಣದ ಹೊಸ ಪಟ್ಟಿಯಲ್ಲಿ ವಿವರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂದಿತು. ಕೆಲವರು ಅದಕ್ಕೆ ಸಿಟ್ಟಾದರು. ನನಗೆ ಅದು ಸರಿ ಅನಿಸಿತು. ರೋಗ ಅಂದರೆ ಮಾತ್ರೆ ಮೇಡಂಗೆ ಕೊಡಬೇಕು. ಇಲ್ಲಿ ಮಾತ್ರೆ ಬೇಕಾಗಿರುವುದು ಆ ವಾಟ್ಸಾಪ್ ಗ್ರೂಪಿಗೆ.

ವಾಕಿಂಗ್ ಮಾತು ಮಾತ್ರ ಲೆಡ್ಜರ್ ಅವರದ್ದೇ ಸರಿ. ಮಾಡಿ ಮೇಡಂ.

ಹಳೇ ಲೆಡ್ಜರ್:

ಮೇಷ್ಟ್ರೇ, ಒಂದು ಹೇಳಲೇ. ನಮ್ಮಲ್ಲಿ ಒಬ್ಬ ಹೆಡ್ ಕ್ಯಾಷಿಯರ್ ಇದ್ದರು. ಒಂದು ಸಲ ಕ್ಯಾಶ್ ಕಡಿಮೆ ಬಂದು, ಕೈಯಿಂದ ಕಟ್ಟಿಕೊಟ್ಟಿದ್ದರು. ಆಮೇಲೆ ಮದುವೆ ಮನೆಗೆ ಹೋದರೆ ಊಟದ ಎಲೆಗಳನ್ನು ಹತ್ತು ಹತ್ತು ಅಂತ ಎಣಿಸುತ್ತಿದ್ದರು. ಪಂಕ್ತಿಯಲ್ಲಿ ಕೂತು ಬೆರಳು ಆಡಿಸುತ್ತಿದ್ದರು. ನಾವು ಅವರನ್ನು "ಕಟ್ಟು ಕಟ್ಟಿ" ಅಂತ ಅಡ್ಡಹೆಸರಿಟ್ಟು ನಗುತ್ತಿದ್ದೆವು. ಹಿಂದಿನಿಂದ ಹೋಗಿ ಕುರ್ಚಿಯಿಂದ ಸದ್ದು ಮಾಡಿದರೆ ಹಾರಿ ಬೀಳುತ್ತಿದ್ದರು. ಅದನ್ನೂ ತಮಾಷೆಗೆ ಮಾಡುತ್ತಿದ್ದೆವು. ಇವತ್ತು ಇದನ್ನೆಲ್ಲ ಓದುತ್ತಾ ಅವರ ಮುಖ ಕಣ್ಣ ಮುಂದೆ ಬಂತು.

ಲೆಕ್ಕದಮ್ಮ:

ಏಳು ವಾರ ಆಯಿತು, ಉತ್ತರಿಸಲು ಆಗಿರಲಿಲ್ಲ. ಎಲ್ಲರಿಗೂ ನಮಸ್ಕಾರ.

ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಇಂಜೆಕ್ಷನ್ ಕೊಟ್ಟರು. ನಾನು ಖುಷಿಯಿಂದ "ಅಂದರೆ ಇಷ್ಟೇನಾ ಡಾಕ್ಟ್ರೇ?" ಅಂದೆ. ಡಾಕ್ಟರಮ್ಮ ಕನ್ನಡಕ ಇಳಿಸಿ, "ಟಿಂಗ್ ಸದ್ದಿಗೆ ಬಿ12 ಕಾರಣ ಅಲ್ಲಮ್ಮಾ" ಅಂದು ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಅರ್ಧ ಗಂಟೆ ಮಾತಾಡಿಸಿದರು, ಅತ್ತೆಯ ಕಾಯಿಲೆಯ ಲಕ್ಷಣ ಇಲ್ಲ ಅಂದರು. ಒಂದು ತಿಂಗಳು ಮೆಡಿಕಲ್ ರಜೆ ಬರೆದುಕೊಟ್ಟರು. ರಜೆ ಅರ್ಜಿಯಲ್ಲಿ ಕಾರಣ ಬರೆಯುವಾಗ ಕೈ ನಡುಗಿತು. ನಮ್ಮಲ್ಲಿ ಬೆನ್ನುನೋವು ಅಂದರೆ ಮಂಜೂರು, ಮನಸ್ಸು ಅಂದರೆ ಗುಸುಗುಸು. ಆದರೂ ಇದ್ದದ್ದನ್ನೇ ಬರೆದೆ.

ಮೊದಲ ಹತ್ತು ದಿನ ನಿದ್ದೆ, ಬರೀ ನಿದ್ದೆ. ಯಜಮಾನರು ಊಟಕ್ಕೆ ಎಬ್ಬಿಸುತ್ತಿದ್ದರು. ಎರಡನೇ ವಾರದ ಕೊನೆಗೆ ಒಂದು ದಿನ ವಾರಪತ್ರಿಕೆ ತಿರುವುತ್ತಾ, ಎರಡು ಪುಟ ಒಂದೇ ಉಸಿರಿಗೆ ಓದಿದ್ದೇನೆ ಅಂತ ಹೊಳೆಯಿತು. ಎದ್ದು ಹೋಗಿ ಯಜಮಾನರಿಗೆ ತೋರಿಸಿದೆ. ಅವರಿಗೆ ಏನು ತೋರಿಸುತ್ತಿದ್ದೇನೆ ಅಂತಲೇ ಅರ್ಥ ಆಗಲಿಲ್ಲ ಪಾಪ.

ಸಹಿ ವಾಪಸ್ ಬಂದಿದೆ. ಮೇಷ್ಟ್ರು ಹೇಳಿದ ಹಾಗೆ ನೋಡದೇ ಹಾಕುತ್ತೇನೆ. ಟಿಂಗ್ ಹೋಗಿಲ್ಲ. ಅದು ನಿಧಾನ ಅಂತ ನೀವು ಮೊದಲೇ ಹೇಳಿದ್ದಕ್ಕೆ ಗಾಬರಿ ಆಗಲಿಲ್ಲ. ಗ್ರೂಪಿನ ಸದ್ದು ನಿಲ್ಲಿಸಿ ಬ್ರಾಂಚ್ ಮ್ಯಾನೇಜರಿಗೆ ನೇರವಾಗಿ ಹೇಳಿದ್ದೇನೆ: ಸರ್, ರಾತ್ರಿ 8ರ ನಂತರ ತುರ್ತು ಇದ್ದರೆ ಫೋನ್ ಮಾಡಿ, ಮೆಸೇಜ್ ನೋಡುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹಾಗೆ ಹೇಳೋಕೆ ಯಾರಾದರೂ ಇದ್ದಿದ್ದರೆ" ಅಂದರು. ಇದುವರೆಗೆ ಒಂದು ಫೋನೂ ಬಂದಿಲ್ಲ. ಅಷ್ಟು ದಿನ ತುರ್ತು ಅಂದುಕೊಂಡದ್ದು ಏನು ಮತ್ತೆ?

ಲೆಡ್ಜರ್ ಅವರೇ, ನಿಮ್ಮ ಕ್ಯಾಷಿಯರ್ ಕಥೆಯನ್ನು ನಮ್ಮ ಕ್ಯಾಷಿಯರ್ ಹುಡುಗಿಗೆ ಹೇಳಿದೆ. ನಗಲಿಲ್ಲ. ತನಗೆ ಕನಸಿನಲ್ಲಿ ನೋಟು ಎಣಿಸಿ ಎಣಿಸಿ ಬೆರಳು ನೋಯುತ್ತದೆ ಅಂದಳು.

ಅಜ್ಜಿ ಮತ್ತೆ ಬಂದಿದ್ದರು, ಸರ್ಟಿಫಿಕೇಟ್ ತಂದಿದ್ದರು. ಕೂರಿಸಿ ಫಾರಂ ನಾನೇ ತುಂಬಿದೆ. ಗಂಡ ಏನು ಮಾಡುತ್ತಿದ್ದರು ಅಂತ ಕೇಳಿದೆ. ಕೊನೆಗೌಡರಂತೆ, 70 ದಾಟಿದ ಮೇಲೂ ಅಡಿಕೆ ಮರ ಹತ್ತುತ್ತಿದ್ದರಂತೆ. ಅಜ್ಜಿ ಅದನ್ನು ಹೇಳುವಾಗ ಕೈಯಿಂದ ಮರ ಎಷ್ಟೆತ್ತರ ಅಂತ ತೋರಿಸಿದರು. ಹಿಂದೆ ಕ್ಯೂ ಬೆಳೆದಿತ್ತು, ಯಾರೋ ಕೆಮ್ಮಿದರು.

ಮಗಳು ಈಗ ದಿನಕ್ಕೆ ನಾಲ್ಕು ಸಲ ಏಲಕ್ಕಿ ಡಬ್ಬಿ ಹಿಡಿದುಕೊಂಡು ಬಂದು "ಇದೇನಮ್ಮಾ?" ಅಂತ ಪರೀಕ್ಷೆ ಮಾಡುತ್ತಾಳೆ. ನಿನ್ನೆ ಬೇಕಂತಲೇ ಬಟಾಣಿ ಅಂದೆ. ಅವಳ ಮುಖ ನೋಡಬೇಕಿತ್ತು.